ಕಾರಿನ ಏಸಿ, ಅತ್ತೆಯ ಸಾಕ್ಸು

ಕಾನ್ವೆಂಟಿನಲ್ಲಿ ಓದಿದವರಿಗೆ ಕೆಲವು ಮಾತುಗಳು ಬಾಯಿಗೆ ಬರುವುದೇ ಇಲ್ಲ. ‘ಅದಕ್ಕೆ’ ಹೋಗಬೇಕಾದರೂ ಕಿರುಬೆರಳೆತ್ತಿ, ಮುಖವನ್ನು ಮಾತ್ರ ಪ್ರಾರ್ಥನೆಗೆ ಹೊರಟವರಂತೆ ಇಟ್ಟುಕೊಳ್ಳಲು ನಮ್ಮ ಸಿಸ್ಟರ್‌ಗಳು ಕಲಿಸಿದ್ದರು. ಆ ಶಿಕ್ಷಣದ ಫಲವಾಗಿ ಮೊನ್ನೆ ನಾನು ಮಿಲ್ಪಿಟಾಸಿನ ನಮ್ಮ ಮನೆಯ ಮುಂದೆ ಕಾರಿನ ಅಡಿಯಲ್ಲಿ ಮಲಗಬೇಕಾಯಿತು.

ಮಂಡ್ಯದಿಂದ ಈ ಪರದೇಶಕ್ಕೆ ಬಂದಿರುವ ನಮ್ಮತ್ತೆಗೆ ಕಾರಿನ ಮುಂದಿನ ಸೀಟೆಂದರೆ ಪ್ರಾಣ. ಫ್ರೀವೇ ಹತ್ತಿದೊಡನೆ ಚಪ್ಪಲಿ ಕಳಚಿ, ಸಾಕ್ಸಿನ ಕಾಲನ್ನು ಆರಾಮಾಗಿ ಚಾಚಿ, ಊರಿನ ಕಥೆ ಶುರು ಮಾಡುವವರು. ಅಂಥವರು ಇದ್ದಕ್ಕಿದ್ದಂತೆ, "ನೀವ್ ಹೋಗ್ಬನ್ನಿ ಕಣವ್ವ, ನಾನ್ ಮನೇಲೇ ಇರ್ತೀನಿ" ಎನ್ನತೊಡಗಿದರು. ಎರಡನೇ ಸಲದ ಕಾಫಿ ಬಿಟ್ಟರು. ನೀರನ್ನೂ ತೀರ್ಥದಂತೆ ಕುಡಿಯುತ್ತಿದ್ದರು. ತಮ್ಮ ಸಾಕ್ಸನ್ನು ತಾವೇ ಒಗೆದು ಟವೆಲಿನ ಮರೆಯಲ್ಲಿ ಒಣಹಾಕುತ್ತಿದ್ದರು. ಕಾಫಿಪುಡಿ ಬದಲಾಯಿಸಿದ್ದಕ್ಕೆ ಕೋಪವೇನೋ ಎಂದುಕೊಂಡು ನಾನು ಹಳೆಯ ಪುಡಿಯನ್ನೇ ತಂದೆ. ನನ್ನ ಜಾಣತನ ಅಷ್ಟೇ.

ಒಂದು ದಿನ ಗ್ರೋಸರಿ ಚೀಲದಿಂದ ಉರುಳಿದ ನಿಂಬೆಹಣ್ಣಿಗಾಗಿ ಸೀಟಿನಡಿ ಕೈ ಹಾಕಿದೆ. ಅತ್ತೆ ಕಾಲಿಡುವ ಮ್ಯಾಟು ನೆಂದು ತೊಪ್ಪೆಯಾಗಿತ್ತು. ಮೂಸಿ ನೋಡಿದೆ, ಬರೀ ನೀರು. ಏಸಿಯ ನೀರು. ಅಯ್ಯೋ ದೇವರೇ, ಸಾಕ್ಸು, ಸೀರೆಯಂಚು ಒದ್ದೆಯಾದಾಗಲೆಲ್ಲ ಪಾಪ, ಅತ್ತೆ ತಮ್ಮ ವಯಸ್ಸನ್ನೇ ದೂರಿಕೊಂಡಿದ್ದರು!

"ಏಸಿ ಲೀಕಾ? ಶನಿವಾರ ಮೆಕ್ಯಾನಿಕ್ ಹತ್ರ ಬಿಡೋಣ" ಎಂದರು ನಮ್ಮವರು. ಅಲ್ಲಿ ರಿಪೇರಿಯಾದರೆ ಅತ್ತೆ ನೋಡುವುದು ಹೇಗೆ? ನೋಡದೆ ನಂಬುವುದು ಹೇಗೆ? ಅತ್ತೆಗೆ ಹೇಳಲು ನನಗೆ ಬಾಯಿಲ್ಲ. ‘ನೀವೇ ಅಮ್ಮನಿಗೆ ಹೇಳಿ’ ಎನ್ನಲೂ ಬಾಯಿಲ್ಲ.

"ನಾನೇ ಮಾಡ್ತೀನಿ. ಇಲ್ಲೇ."

"ನೀನಾ? ಟೈರಿಗೆ ಗಾಳಿ ಹಾಕೋಕೂ ನನ್ನೇ ಕರೀತೀಯಲ್ಲೇ!" ಎಂದು ನಕ್ಕರೂ ಒಂದು ವೀಡಿಯೊ ಹುಡುಕಿಕೊಟ್ಟರು. ನೀರು ಹೊರಹೋಗುವ ಕೊಳವೆಯಲ್ಲಿ ಕಸ ಕಟ್ಟಿಕೊಂಡಿರುತ್ತದಂತೆ. ನನ್ನ ಸಿಂಕಿನ ಕಥೆಯೂ ಅದೇ ತಾನೆ ಎಂದು ಧೈರ್ಯ ಬಂತು.

ಅತ್ತೆಯನ್ನು ಎದುರಿಗೆ ಕುರ್ಚಿ ಹಾಕಿ ಕೂರಿಸಿ, ಕೈಗೆ ಟಾರ್ಚು ಕೊಟ್ಟು, ಸ್ಟ್ರಾ ತೊಳೆಯುವ ತೆಳು ಬ್ರಷ್ಷಿನೊಂದಿಗೆ ಕಾರಿನಡಿ ನುಸುಳಿದೆ. ಕೊಳವೆಯೊಳಗೆ ತಿರುವಿದ್ದೇ ತಡ, ಎಲೆಚೂರುಗಳ ಸಮೇತ ತಣ್ಣನೆಯ ನೀರು ನನ್ನ ಮುಖದ ಮೇಲೆ ಧೋ ಎಂದಿತು.

"ನೋಡಿ ಅತ್ತೆ! ಇಷ್ಟು ದಿನ ಈ ನೀರೇ ನೀವು ಕಾಲಿಡೋ ಕಡೆ ಸೋರ್ತಿತ್ತು!" ಎಂದು ನಾಟಕದವಳಂತೆ ಕೂಗಿದೆ.

ಅತ್ತೆ ಕುರ್ಚಿಯಿಂದ ಬಗ್ಗಿ ನೋಡಿದರು. ಟಾರ್ಚಿನ ಬೆಳಕು ನೀರಿನಿಂದ ಮೆಲ್ಲಗೆ ನನ್ನ ಮುಖಕ್ಕೆ ಬಂತು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ನಮ್ಮವ್ವ! ನಾನು ನಂದೇ ಅನ್ಕಂಡು, ಡಾಕ್ಟ್ರಿಗೆ ಹೆಂಗಪ್ಪಾ ಹೇಳದು ಅಂತ ನಿದ್ದೆಗೆಟ್ಟಿದ್ದೆ!"

ಎದ್ದು ಕೂತ ನನ್ನ ಮುಖವನ್ನು ತಮ್ಮ ಸೆರಗಿನಿಂದ, ಮಗುವಿಗೆ ಒರೆಸುವಂತೆ ಒರೆಸಿದರು. ಆ ಕಸಕಟ್ಟಿದ ಕೊಳವೆಗೂ ಕೈಮುಗಿಯಬೇಕೆನ್ನಿಸಿತು ನನಗೆ.

"ಅದ್ಸರಿ," ಎಂದರು ಅತ್ತೆ, "ಕಾರಿನ್ ಏಸಿ ಸೋರ್ತೈತೆ ಅಂತ ಒಂದ್ ಮಾತ್ ಅಂದಿದ್ರೆ ಆಯ್ತಿರ್ಲಿಲ್ವಾ? ಅದಕ್ಯಾಕವ್ವ ಕಾರಿನಡಿಗ್ ನುಗ್ಗೋಕ್ ಹೋದೆ?"

ನಾನು ಕೂದಲಿಗಂಟಿದ ಎಲೆಚೂರು ಕೀಳತೊಡಗಿದೆ. ಏಸಿ ಎಂಬುದು ಕಾನ್ವೆಂಟಿನವರೂ ಬಾಯಿಬಿಟ್ಟು ಹೇಳಬಹುದಾದ ಮಾತೇ ಆಗಿತ್ತು.