ಅನ್ವಿತನ ಸೆಕೆ ಪರೀಕ್ಷೆ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಣೆ ಬೇಕಿದ್ದರೆ ಈ ತಟ್ಟೆಯಲ್ಲಿರುವ ಬಿಸಿಬೇಳೆಬಾತಿನ ಮೇಲೇ ಹಾಕುತ್ತೇನೆ, ಅದೂ ಇನ್ನೊಂದು ಸೌಟು ಬಡಿಸಿಕೊಳ್ಳುವ ಆಸೆ ಇರುವಾಗ. ಪ್ರತೀಕ್ ವರ್ಜೀನಿಯಾದ ಈ ಶ್ಯಾಂಟಿಲಿಗೆ ಹೊಸಬ, ಇಲ್ಲಿನ ಜನ ಎಂಥವರೆಂದು ಅವನಿಗೂ ಗೊತ್ತಾಗಬೇಕು. ಅದಕ್ಕೇ ಎಲ್ಲರೂ ಒಂದೊಂದು ಅಡುಗೆ ತಂದಿರುವ ಈ ಪಾಟ್‌ಲಕ್ ಊಟದ ನಡುವೆ ಅವನನ್ನು ಮೂಲೆಗೆ ಕೂರಿಸಿಕೊಂಡು ಹೇಳುತ್ತಿದ್ದೇನೆ.

ಎಲ್ಲ ಶುರುವಾದದ್ದು ಒಂದು ಹಲಸಿನ ಹಣ್ಣಿನಿಂದ.

ಇಲ್ಲಿಗೆ ಹತ್ತಿರದ ಆಲ್ಡಿಯಲ್ಲಿ ಹೊಸದಾಗಿ ಎದ್ದ ಟೌನ್‌ಹೌಸುಗಳ ಸಾಲಿನಲ್ಲಿ ಸುಬ್ರಾಯನದೂ ಒಂದು ಮನೆ. ಮೂಲ ಪುತ್ತೂರಿನ ಕಡೆ. ಅಮೆರಿಕಕ್ಕೆ ಬಂದ ಮೇಲೆ ಅವನು ಊರಿಗೆ ಹೋದದ್ದೆಲ್ಲ ಡಿಸೆಂಬರಿನಲ್ಲಿ. ಡಿಸೆಂಬರಿನಲ್ಲಿ ಹಲಸಿನ ಮರವೇನೋ ಇರುತ್ತದೆ, ಹಣ್ಣು ಇರುವುದಿಲ್ಲ. ಎರಡು ಸಾವಿರದ ಆರನೇ ಇಸವಿಯಲ್ಲಿ ಅವನು ಗಟ್ಟಿ ಮನಸ್ಸು ಮಾಡಿದ. ಈ ಸಲ ಏನೇ ಆಗಲಿ, ಹೋಗುವುದು ಮೇ ತಿಂಗಳಲ್ಲೇ. ಎಂಟು ತಿಂಗಳ ಮಗ ಅನ್ವಿತನನ್ನು ಅಜ್ಜಿಯ ಮಡಿಲಲ್ಲಿ ಕೂರಿಸುವುದು, ತಾನು ಕೈಗೆ ಎಣ್ಣೆ ಸವರಿಕೊಂಡು ಅಂಗಳದಲ್ಲಿ ಹಣ್ಣಿನ ಎದುರು ಕೂರುವುದು.

ಹೆಂಡತಿ ಸರೋಜಿನಿ ಅಷ್ಟೇ ಗಟ್ಟಿಯಾಗಿ ಬೇಡ ಅಂದಳು. ಅವಳ ಗೆಳತಿಯೊಬ್ಬಳ ಕೂಸು ಇಲ್ಲಿನ ಡಲಸ್ ಏರ್‌ಪೋರ್ಟಿನಲ್ಲಿ ಬಾಯಿ ತೆರೆದದ್ದು ಫ್ರಾಂಕ್‌ಫರ್ಟ್ ಬಂದರೂ ಮುಚ್ಚಿರಲಿಲ್ಲವಂತೆ. ಮಂಗಳೂರಿನಲ್ಲಿ ಇಳಿದ ಮಾರನೇ ದಿನ ಅದರ ಮೈಯೆಲ್ಲ ಬೆವರುಗುಳ್ಳೆ ಎದ್ದಿತ್ತಂತೆ.

"ಅನ್ವಿತ್ ಆ ಫ್ಲೈಟೂ ತಡ್ಕೋತಾನೆ, ಆ ಸೆಕೆನೂ ತಡ್ಕೋತಾನೆ ಅಂತ ಪ್ರೂವ್ ಮಾಡಿ ತೋರಿಸಿ," ಅಂದಳು. "ತೋರಿಸಿದ್ರೆ ಮೇ. ಇಲ್ಲಾಂದ್ರೆ ಡಿಸೆಂಬರ್."

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸುಬ್ರಾಯ ಅದನ್ನು ಪಕ್ಕದ ಮನೆಯ ಅನ್ವರ್ ಪಾಷಾನ ಹತ್ತಿರ ಹೇಳಿಕೊಂಡ.

ಅನ್ವರ್ ಪಾಷಾ ಮೈಸೂರಿನವನು. ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರು ಕಷ್ಟಪಟ್ಟು ಕಟ್ಟಿದ್ದನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಮುರಿದು ನೋಡುವುದು, ಅದಕ್ಕೆ ಸಂಬಳ ಎಣಿಸುವುದು. ಹೆಣ್ಣು ನೋಡಲು ಹೋದಾಗಲೂ ಅವರ ಮನೆಯ ಕುರ್ಚಿಯನ್ನು ನಾಲ್ಕು ಸಲ ಅಲ್ಲಾಡಿಸಿಯೇ ಕೂತನೆಂದು ಅವನ ಹೆಂಡತಿ ಮಕ್ಸೂದಾ ಇವತ್ತಿಗೂ ಹೇಳುತ್ತಾಳೆ.

"ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ ಗುರು. ಟೆಸ್ಟ್ ಮಾಡಿ ತೋರಿಸ್ಬೇಕು," ಅಂದ ಅನ್ವರ್. "ಪ್ಲೇನೂ ಇಲ್ಲೇ, ಪುತ್ತೂರೂ ಇಲ್ಲೇ. ಶನಿವಾರ ನಿನ್ ಲಿವಿಂಗ್ ರೂಮ್ ಖಾಲಿ ಮಾಡಿಟ್ಕೊ."

ಶನಿವಾರ ಬೆಳಿಗ್ಗೆ ಹೊರಗೆ ಮಾರ್ಚ್ ತಿಂಗಳ ಹಿಮ ಇನ್ನೂ ಹುಲ್ಲಿನ ಮೇಲೆ ಕೂತಿತ್ತು. ಒಳಗೆ ಸೋಫಾ ಗ್ಯಾರೇಜಿಗೆ ಹೋಯಿತು. ಊಟದ ಮೇಜಿನ ಕುರ್ಚಿಗಳು ಒಂದರ ಹಿಂದೊಂದು ಸಾಲಾಗಿ ನಿಂತವು. ಸೀಟು ಬೆಲ್ಟಿಗೆ ಮಕ್ಸೂದಾಳ ದುಪಟ್ಟಾಗಳು, ಎಂಜಿನ್ನಿನ ಸದ್ದಿಗೆ ವ್ಯಾಕ್ಯೂಮ್ ಕ್ಲೀನರು. ಕ್ಯಾಪ್ಟನ್ ಅನ್ವರ್ ಪಾಷಾ, ಗಗನಸಖಿ ಮಕ್ಸೂದಾ. ಅನ್ವಿತನನ್ನು ತೊಡೆಯ ಮೇಲೆ ಕೂರಿಸಿಕೊಂಡ ಸುಬ್ರಾಯ ಪ್ರಯಾಣಿಕ. ಸರೋಜಿನಿ ಮಹಡಿ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಳು, ಥೇಟ್ ಹೈಕೋರ್ಟು.

ಆಗ ಬಾಗಿಲು ತಟ್ಟಿ ಒಳಗೆ ಬಂದವರು ಕಾತ್ಯಾಯಿನಿ ಆಂಟಿ. ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದು ಕೊನೆಯ ಮನೆಯಲ್ಲಿದ್ದರು. ಬಾಣಂತನ ಮುಗಿದಿತ್ತು, ಹೊರಗೆ ಚಳಿ, ಒಳಗೆ ಇಂಗ್ಲಿಷ್ ಟಿವಿ, ಆಂಟಿಗೆ ಮಾಡಲು ಕೆಲಸವಿಲ್ಲ. ಏನು ನಡೆಯುತ್ತಿದೆಯೆಂದು ಕೇಳಿ ತಿಳಿದುಕೊಂಡವರೇ ಮನೆಗೆ ಹೋಗಿ ಬೆನ್ನು ಹಿಂದಕ್ಕೆ ಒರಗುವ ಲಾನ್ ಕುರ್ಚಿಯೊಂದನ್ನು ಹೊತ್ತು ತಂದು ಸುಬ್ರಾಯನ ಮುಂದೆಯೇ ಹಾಕಿಕೊಂಡರು.

"ಪ್ಲೇನಲ್ಲಿ ಮುಂದಿನೋರು ಸೀಟು ಹಿಂದಕ್ಕೆ ಒರಗಿಸ್ತಾರಲ್ಲ, ಅದನ್ನ ಯಾರು ಮಾಡ್ತೀರಾ?" ಅಂತ ಕೇಳಿದರು. ಯಾರೂ ಅದನ್ನು ಯೋಚಿಸಿರಲಿಲ್ಲ. "ನೋಡಿ, ನಾನು ಬರ್ದೇ ಇದ್ದಿದ್ರೆ."

ಸೆಕೆಯ ಕೆಲಸ ಸುಲಭವಾಗಿರಲಿಲ್ಲ. ಹೀಟರಿನ ಥರ್ಮೊಸ್ಟಾಟ್ ತೊಂಬತ್ತು ಫ್ಯಾರನ್‌ಹೀಟಿಗೆ ಹೋಗಿ ನಿಂತುಬಿಟ್ಟಿತು. ಪುತ್ತೂರಿನಲ್ಲಿ ಇದಕ್ಕೆ ತಂಪು ಅನ್ನುತ್ತಾರೆ ಎಂದು ಸುಬ್ರಾಯನೇ ಒಪ್ಪಿಕೊಂಡ. ಸರಿ, ಬಚ್ಚಲಿನ ಬಿಸಿನೀರಿನ ಶವರ್ ಬಿಟ್ಟು ಬಾಗಿಲು ತೆರೆದಿಟ್ಟರು. ಒಲೆಯ ಮೇಲೆ ಒಂದು ಕುಕ್ಕರಿನಲ್ಲಿ ಬರೀ ನೀರು, ಇನ್ನೊಂದರಲ್ಲಿ ಹೇಗೂ ಮಧ್ಯಾಹ್ನಕ್ಕೆ ಬೇಕಲ್ಲ ಅಂತ ತೊಗರಿಬೇಳೆ. ಸ್ವಲ್ಪ ಹೊತ್ತಿಗೆ ಕಿಟಕಿಗಳೆಲ್ಲ ಮಂಜಾದವು, ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಗಂಡು ಹೆಣ್ಣು ಇಬ್ಬರೂ ಬೆವರತೊಡಗಿದರು. ಸುಬ್ರಾಯನ ಬನಿಯನ್ನು ಇಡ್ಲಿ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡಿತು. ಅನ್ವಿತ ಮಾತ್ರ ತೆಳು ಜುಬ್ಬಾ ಹಾಕಿಕೊಂಡು, ಬಾಡಿಗೆ ವಸೂಲಿಗೆ ಬಂದ ಮನೆ ಮಾಲೀಕನ ಗತ್ತಿನಲ್ಲಿ ಎಲ್ಲರನ್ನೂ ನೋಡುತ್ತಿದ್ದ.

ವ್ಯಾಕ್ಯೂಮ್ ಗುಡುಗಿತು, ವಿಮಾನ ಮೇಲೆದ್ದಿತು. ಅನ್ವಿತ ಬಾಟಲಿ ಚೀಪುತ್ತಾ ಕಣ್ಣು ಅರೆಮುಚ್ಚಿದ. ಅಷ್ಟರಲ್ಲಿ ಆಂಟಿ ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ಒರಗಿಸಿದರು. ಸುಬ್ರಾಯನ ಮೊಣಕಾಲುಗಳು ಕೂತಲ್ಲೇ ಸಿಕ್ಕಿಕೊಂಡವು.

"ಆಂಟಿ, ಒಂಚೂರು ಮುಂದಕ್ಕೆ..."

"ನಾನೂ ಟಿಕೆಟ್ ತಗೊಂಡೇ ಕೂತಿರೋದಪ್ಪಾ," ಅಂದರು ಆಂಟಿ, ಕಣ್ಣು ತೆರೆಯದೆ.

ಮಕ್ಸೂದಾ ಬಟ್ಟೆ ಬುಟ್ಟಿಯನ್ನು ತಳ್ಳಿಕೊಂಡು ಬಂದು ಚಿಕನ್ನೋ ಪಾಸ್ತಾನೋ ಎಂದು ಕೇಳಿದಳು. ಸುಬ್ರಾಯ ತಾನು ವೆಜಿಟೇರಿಯನ್ ಅಂದ.

"ಪಾಸ್ತಾ ಖಾಲಿ. ಮುಂಚೆನೇ ಬುಕ್ ಮಾಡಿದ್ರಾ?"

"ಇಲ್ಲ."

"ಹಾಗಾದ್ರೆ ಬ್ರೆಡ್ಡು," ಅಂದು ಒಂದು ತಣ್ಣನೆಯ ಬನ್ನನ್ನು ಅವನ ಕೈಯಲ್ಲಿಟ್ಟು ಮುಂದೆ ಹೋದಳು. ನೀರು ಕೇಳಿದ. ಬರುತ್ತೆ ಅಂದಳು. ಮತ್ತೆ ಕೇಳಿದ. ಮತ್ತೆ ಬರುತ್ತೆ ಅಂದಳು. ಬಾತ್‌ರೂಮಿಗೆ ಹೋಗಬೇಕು ಅಂದರೆ, ಬೆಲ್ಟ್ ಹಾಕಿಕೊಳ್ಳುವ ದೀಪ ಇನ್ನೂ ಆರಿಲ್ಲವೆಂದು ಕ್ಯಾಪ್ಟನ್ ಗದರಿದ. ದೀಪವೇ ಇರಲಿಲ್ಲ. ಸುಬ್ರಾಯ ಅದನ್ನು ವಾದಿಸುವಷ್ಟರಲ್ಲಿ ಅನ್ವರ್ ಪಾಷಾ ಹಿಂದಿನಿಂದ ಕುರ್ಚಿ ಹಿಡಿದು ಗಡಗಡ ಅಲ್ಲಾಡಿಸಿದ. ಗಾಳಿಯ ಹೊಡೆತವಂತೆ. ಸುಬ್ರಾಯ "ಅಯ್ಯೋ ಅಮ್ಮಾ" ಅಂತ ಕೂಗಿಕೊಂಡ. ಅನ್ವಿತ ಕಿಲಕಿಲ ನಕ್ಕು, ಇನ್ನೊಂದು ಸಲ ಅನ್ನುವ ಹಾಗೆ ಕಾಲು ಬಡಿದ.

ಇಷ್ಟಾದರೂ ಸುಬ್ರಾಯ ಸೋಲಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಮೊಣಕಾಲು ಸೇದುತ್ತಿತ್ತು. ಅವನು ಹಲ್ಲು ಕಚ್ಚಿ ಮಗನ ಮುಖವನ್ನೇ ನೋಡುತ್ತಿದ್ದ. ಮಗ ಅಳದಿದ್ದರೆ ಸಾಕು, ಮೇ ತಿಂಗಳು ತನ್ನದು.

ಮಗ ಅಳಲಿಲ್ಲ. ತೊಗರಿಬೇಳೆ ಸೀದಿತು.

ವ್ಯಾಕ್ಯೂಮಿನ ಗದ್ದಲದಲ್ಲಿ ಕುಕ್ಕರಿನ ಸೀಟಿ ಯಾರಿಗೂ ಕೇಳಿಸಿರಲಿಲ್ಲ. ಹೊಗೆ ನಿಧಾನವಾಗಿ ಆವಿಯೊಳಗೆ ಬೆರೆಯಿತು, ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಸ್ಮೋಕ್ ಅಲಾರಮ್ಮಿಗೆ. ಒಂದು ಕೂಗಿದ್ದೇ ತಡ ಮನೆಯೊಳಗಿನವೆಲ್ಲ ಒಟ್ಟಿಗೆ ಕೂಗಿದವು. ಸರೋಜಿನಿ ಮೆಟ್ಟಿಲಿಂದ ಹಾರಿ ಬಂದು ಮಗುವನ್ನು ಎತ್ತಿಕೊಂಡು, ಒಲೆ ಆರಿಸಿದಳು. ಎದುರು ಮನೆಯ ಅಜ್ಜಿ ಆಗಲೇ ಫೋನ್ ಮಾಡಿಯಾಗಿತ್ತು. ಸೀದ ಬೇಳೆಯ ವಾಸನೆ ಹೋಗಲೆಂದು ಬಾಗಿಲು ತೆರೆಯುವ ಹೊತ್ತಿಗೆ ಅಗ್ನಿಶಾಮಕದ ಕೆಂಪು ಗಾಡಿ ಬಂದು ನಿಂತಿತ್ತು.

ಮುಖವಾಡ ಹಾಕಿಕೊಂಡು ನುಗ್ಗಿದ ಆಜಾನುಬಾಹು ಒಳಗೆ ಕಂಡ ದೃಶ್ಯವನ್ನು ನೋಡಿ ಅಲ್ಲೇ ನಿಂತ. ಲಾನ್ ಕುರ್ಚಿಯಲ್ಲಿ ಮಲಗಿದ ಸೀರೆಯ ಹೆಂಗಸು, ಬುಟ್ಟಿಯ ಹಿಂದೆ ಬ್ರೆಡ್ ಹಿಡಿದ ಇನ್ನೊಬ್ಬಳು, ಕುರ್ಚಿಗೆ ಹಳದಿ ದುಪಟ್ಟಾದಿಂದ ಕಟ್ಟಿಹಾಕಿದ ಬನಿಯನ್ ಗಂಡಸು. ಇಲ್ಲಿ ಏನು ನಡೆಯುತ್ತಿದೆಯೆಂದು ಕೇಳಿದ. ಇಂಡಿಯಾಕ್ಕೆ ಹೋಗುತ್ತಿದ್ದೇವೆ ಅಂದ ಸುಬ್ರಾಯ. ಆ ಮನುಷ್ಯ ಮುಖವಾಡ ತೆಗೆದು, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಮೆತ್ತಗೆ, ನೀವು ಇನ್ನೂ ವರ್ಜೀನಿಯಾದಲ್ಲೇ ಇದ್ದೀರಿ ಅಂತ ತಿಳಿಸಿದ.

ಎದ್ದು ವಿವರಿಸೋಣವೆಂದು ಸುಬ್ರಾಯ ಮೇಲೇಳಲು ಹೋದ. ದುಪಟ್ಟಾ ಬಿಡಲಿಲ್ಲ, ಕುರ್ಚಿಯೂ ಅವನ ಜೊತೆಯಲ್ಲೇ ಎದ್ದಿತು, ಇಬ್ಬರೂ ಒಟ್ಟಿಗೆ ಮಗುಚಿ ಬಿದ್ದರು. ಅಗ್ನಿಶಾಮಕದವರು ಅವನನ್ನು ಕುರ್ಚಿ ಸಮೇತ ಎತ್ತಿ, ದೇವರ ಉತ್ಸವಮೂರ್ತಿಯ ಹಾಗೆ ಹೊರಗೆ ತಂದು ಹಿಮದ ಪಕ್ಕ ಇಟ್ಟರು. ಕಂಬಳಿ ಹೊದಿಸಿ ಬಿಪಿ ನೋಡಿದರು. ಅದೇ ಹೊತ್ತಿಗೆ ಅನ್ವಿತ ಇನ್ನೊಬ್ಬನ ಹೆಲ್ಮೆಟ್ಟನ್ನು ತಲೆಗೆ ಹಾಕಿಸಿಕೊಂಡು ಅವನ ಮೀಸೆ ಜಗ್ಗುತ್ತಿದ್ದ. ಸುತ್ತ ಸಾಲುಮನೆಯ ಜನವೆಲ್ಲ ಸೇರಿದ್ದರು. ನಾನೂ ಇದ್ದೆ, ಮುಂದಿನ ಸಾಲಿನಲ್ಲೇ.

ಅನ್ವರ್ ಪಾಷಾ ಗಂಟಲು ಸರಿಮಾಡಿಕೊಂಡು ಸರೋಜಿನಿಯ ಮುಂದೆ ನಿಂತ.

"ಅನ್ವಿತ್ ಪಾಸ್ ಮೇಡಮ್. ಸೆಕೆ, ಸೌಂಡು, ಶೇಕಿಂಗು, ಲಾಸ್ಟಲ್ಲಿ ಬೆಂಕಿ ಗಾಡಿ. ಒಂದು ಹನಿ ಕಣ್ಣೀರಿಲ್ಲ. ನನ್ ಸರ್ವೀಸಲ್ಲಿ ಒಂದೇ ಒಂದು ಬಗ್ ಸಿಗ್ದೆ ಪಾಸಾಗಿರೋದು ಇವನೊಬ್ಬನೇ."

ಕಂಬಳಿಯೊಳಗಿಂದ ಸುಬ್ರಾಯನ ಮುಖ ಹೊರಗೆ ಬಂತು. ಹಲ್ಲು ಕಟಕಟ ಅನ್ನುತ್ತಿದ್ದರೂ ಅದು ಗೆದ್ದವನ ಮುಖ.

"ಹಾಗಾದ್ರೆ ಮೇ?" ಅಂತ ಕೇಳಿದ.

"ಮೇ," ಅಂದಳು ಸರೋಜಿನಿ. ಅವಳು ಮಾತಿಗೆ ತಪ್ಪುವವಳಲ್ಲ. "ನಾನೂ ಅನ್ವಿತೂ ಮೇನಲ್ಲಿ ಹೋಗ್ತೀವಿ. ನೀವು ಡಿಸೆಂಬರಲ್ಲಿ ಹೋಗಿ ಬನ್ನಿ."

"ನಾನು ಯಾಕೆ ಡಿಸೆಂಬರು?"

"ಟೇಕಾಫ್ ಆದಾಗಿಂದ ನೀರು ನೀರು ಅಂತಿದ್ದಿದ್ದು ಯಾರು? ಬಾತ್‌ರೂಮು ಅಂತ ಹಟ ಮಾಡಿದ್ದು ಯಾರು? ಅಮ್ಮಾ ಅಂತ ಕಿರುಚಿದ್ದು ಯಾರು? ಆ ಪ್ಲೇನಲ್ಲಿ ನನ್ ಕೈಲಿ ಒಂದೇ ಮಗು ನೋಡ್ಕೊಳ್ಳೋಕೆ ಆಗೋದು ರೀ."

ಸುಬ್ರಾಯ ಸಹಾಯಕ್ಕಾಗಿ ಅನ್ವರ್ ಪಾಷಾನ ಕಡೆ ನೋಡಿದ. ಟೆಸ್ಟರು ನೆಲ ನೋಡುತ್ತಾ, ರಿಸಲ್ಟ್ ಅಂದರೆ ರಿಸಲ್ಟು ಗುರು ಅಂದ. ತಾನೂ ಮೇನಲ್ಲೇ ವಾಪಸ್ ಹೊರಡುವುದು, ಜೊತೆಗಿರುತ್ತೇನೆ ಅಂತ ಕಾತ್ಯಾಯಿನಿ ಆಂಟಿ ಸರೋಜಿನಿಯ ಬೆನ್ನು ಸವರಿದರು.

ಅವರು ಹೋದರು. ಅನ್ವಿತ ದಾರಿಯುದ್ದಕ್ಕೂ ನಿದ್ದೆ ಮಾಡಿದನಂತೆ. ಆಮೇಲೆ ಪುತ್ತೂರಿನಿಂದ ಫೋನು ಬಂತು. ಆಗ ತಾನೇ ಹಣ್ಣು ಕೊಯ್ದಿದ್ದರು, ಅಜ್ಜಿ ಮೊಮ್ಮಗನ ನಾಲಿಗೆಗೆ ಒಂದು ಹನಿ ಹಲಸಿನ ರಸ ಸವರಿದ್ದರು, ಅವನು ತುಟಿ ಚಪ್ಪರಿಸುವ ಸದ್ದನ್ನು ಸ್ಪೀಕರಿನಲ್ಲಿ ಅಪ್ಪನಿಗೆ ಕೇಳಿಸಿದರು. ಸುಬ್ರಾಯ ಫೋನಿಟ್ಟವನೇ ಕಾರು ತೆಗೆದ. ಹತ್ತು ಗಂಟೆ ದಾರಿಯ ಅಟ್ಲಾಂಟಾದ ಒಂದು ಅಂಗಡಿಗೆ ಹಲಸಿನ ಹಣ್ಣು ಬಂದಿದೆಯೆಂದು ಯಾರೋ ಹೇಳಿದ್ದರು. ನಾನೂ ಪಕ್ಕದ ಸೀಟಿನಲ್ಲಿದ್ದೆ, ಇದೂ ಸುಳ್ಳಲ್ಲ. ಹಣ್ಣು ಸಿಕ್ಕಿತು, ಈಗಷ್ಟೇ ಹುಟ್ಟಿದ ಕರುವಿನಷ್ಟು ದೊಡ್ಡದು. ಅದನ್ನು ಹಿಂದಿನ ಸೀಟಿನಲ್ಲಿ ಅನ್ವಿತನ ಕಾರ್ ಸೀಟಿಗೆ ಹಾಕಿ, ಬೆಲ್ಟ್ ಬಿಗಿದು, ಬಿಸಿಲಿಗೆ ಟವೆಲ್ ಹೊದಿಸಿಕೊಂಡು ವಾಪಸ್ ಬರುತ್ತಾ ನಾರ್ತ್ ಕ್ಯಾರೊಲಿನಾ ದಾಟುವಾಗ ಪೊಲೀಸಿನವನೊಬ್ಬ ನಿಲ್ಲಿಸಿ, ಗಾಜು ಇಳಿಸಿ ಅಂದ, ಇಳಿಸಿದ್ದೇ ತಡ ಆ ವಾಸನೆಗೆ ಅವನು ಎರಡು ಹೆಜ್ಜೆ ಹಿಂದೆ ಸರಿದು, ಮಗುವಿನ ಮುಖದ ಮೇಲಿನ ಟವೆಲ್ ತೆಗೀರಿ ಅಂತ ಸೊಂಟದ ಪಿಸ್ತೂಲಿಗೆ ಕೈ ಹಾಕಿದ, ಆಗ ಸುಬ್ರಾಯ ಮೆಲ್ಲಗೆ ಹಿಂದಕ್ಕೆ ತಿರುಗಿ...

ಇಷ್ಟು ಹೊತ್ತು ಕೇಳಿಸಿಕೊಂಡಿದ್ದ ಪ್ರತೀಕ್ ತಟ್ಟೆ ಎತ್ತಿಕೊಂಡು ಪಾಯಸದ ಸಾಲಿನ ಕಡೆ ನಡೆದುಬಿಟ್ಟ.