ಪರ್ವತಯ್ಯನ ಹೊಗೆಯಿಲ್ಲದ ಒಲೆ

ಮಧುಗಿರಿಯ ಜವಳಿ ಅಂಗಡಿ ಪರ್ವತಯ್ಯನ ಮನೆಯ ಬಚ್ಚಲೊಲೆ ಹೊತ್ತಿತೆಂದರೆ, ಬೆಟ್ಟದ ತುದಿಯ ಹದ್ದುಗಳು ಕೆಮ್ಮಿಕೊಂಡು ಶಿರಾ ಕಡೆಗೆ ಗುಳೆ ಹೊರಡುತ್ತಿದ್ದವು. ಸುಳ್ಳೆನ್ನುವವರು ಹದ್ದುಗಳನ್ನೇ ಕೇಳಿಕೊಳ್ಳಲಿ. ಹೋದ ಚಳಿಗಾಲದಲ್ಲಿ ಆ ಹೊಗೆಯೊಳಗೆ ಸ್ನಾನ ಮಾಡಿದ ಮಾವ ಚಂದ್ರಶೇಖರಯ್ಯನವರು ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿ ಹೊರಗೆ ಬಂದರು. "ಹೊಗೆ ಇಲ್ದಂಗೆ ನೀರ್ ಕಾಯ್ಸೋದು ಕಲ್ತಾಗ ಹೇಳಿ ಕಳ್ಸಿ. ಅಲ್ಲೀಗಂಟ ಮಗಳು ನಮ್ಮನೇಲೇ ಇರ್ತಾಳೆ" ಎಂದು ಸರ್ವಮಂಗಳೆಯನ್ನು ಕೊರಟಗೆರೆಗೆ ಕರೆದುಕೊಂಡು ಹೋಗಿಬಿಟ್ಟರು.

ಅದು ಎರಡನೇ ಮಹಾಯುದ್ಧದ ಕಾಲ. ಸೀಮೆಎಣ್ಣೆ ಕಣ್ಣಿಗೂ ಬೀಳುತ್ತಿರಲಿಲ್ಲ. ಪೆಟ್ರೋಲಿಲ್ಲದ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿಕೊಂಡು, ಅದರ ಗ್ಯಾಸು ಕುಡಿದು ಓಡುತ್ತಿದ್ದವು. ಒಂದು ದಿನ ಡ್ರೈವರ್ ಗಂಗಹನುಮಯ್ಯ ಡ್ರಮ್ಮಿನ ಕೊಳವೆಯ ಹಿತ್ತಾಳೆ ಮುಚ್ಚಳ ಬಿಚ್ಚಿ, ಗ್ಯಾಸು ಹದಕ್ಕೆ ಬಂತೇ ಎಂದು ಕಡ್ಡಿ ಗೀರಿ ನೋಡಿದ. ಭುಗ್ಗೆಂದು ನೀಲಿ ಉರಿ. ಹೊಗೆಯ ಎಳೆಯೂ ಇಲ್ಲ! ಪಕ್ಕದಲ್ಲೇ ನಿಂತಿದ್ದ ಪರ್ವತಯ್ಯ, ಬಚ್ಚಲೊಲೆಗೆ ಇದೇ ಗ್ಯಾಸು ಎಂದು ಅಲ್ಲೇ ತೀರ್ಮಾನಿಸಿದ. ಅಷ್ಟೇ ಅಲ್ಲ, 'ಹೊಗೆಯಿಲ್ಲದ ಒಲೆ ತಯಾರಾಗಿದೆ, ಶುಕ್ರವಾರ ಮಗಳೊಂದಿಗೆ ಬನ್ನಿ' ಎಂದು ಮಾವನಿಗೆ ಹೇಳಿಯೂ ಕಳಿಸಿದ.

ಶುಕ್ರವಾರ ಬಂತು. ಒಲೆ ಬಂದಿರಲಿಲ್ಲ.

ಬೆಳಿಗ್ಗೆ ಗಂಗಹನುಮಯ್ಯ ಇದ್ದಿಲಿಗೆ ಬೆಂಕಿ ಹಾಕಿ ಹೋಟೆಲಿನೊಳಗೆ ಹೋಗುವುದನ್ನೇ ಕಾಯುತ್ತಿದ್ದ ಪರ್ವತಯ್ಯ, ಸೈಕಲ್ಲಿನ ಎರಡು ಟ್ಯೂಬು ಹಿಡಿದು ಬಸ್ಸಿನ ಹಿಂದೆ ನುಸುಳಿದ. ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿಕೊಂಡ. ಕೊಳವೆಗೆ ಟ್ಯೂಬು ಸಿಕ್ಕಿಸಿ ಡ್ರಮ್ಮಿಗೆ ಗಾಳಿ ಊದುವ ಯಂತ್ರದ ಹ್ಯಾಂಡಲ್ ತಿರುಗಿಸಿದ. ತಿರುಗಿಸಿದ ರಭಸಕ್ಕೆ ಬಸ್ಸು ನಿಂತಲ್ಲೇ ಎರಡು ಸಲ ಸೀನಿತು. ಟ್ಯೂಬುಗಳು ಕುರಿ ನುಂಗಿದ ಹೆಬ್ಬಾವಿನಂತೆ ಉಬ್ಬಿದವು. ಅಷ್ಟರಲ್ಲಿ ಹೋಟೆಲಿನ ಬಾಗಿಲಲ್ಲಿ ಗಂಗಹನುಮಯ್ಯನ ಕೆಮ್ಮು ಕೇಳಿ, ಎರಡನ್ನೂ ಕೊರಳಿಗೆ ಹಾಕಿಕೊಂಡು ಓಡಿದ.

ಬೀದಿಯಲ್ಲಿ ಪಕ್ಕದ ಮನೆಯ ಜುಂಜಮ್ಮ ಮೇಕೆ ಹಿಡಿದು ನಿಂತಿದ್ದಳು.

"ಇದೇನ್ ಸಾವ್ಕಾರ್ರೆ, ಮದ್ವೆ ಹಾರ ಹಾಕ್ಕಂಡಿದೀರಾ? ಅಮ್ಮಾವ್ರು ಹೋಗಿ ವರ್ಸಾಯ್ತು ಅಂತ ಇನ್ನೊಂದಕ್ಕೆ ಹೊಂಟ್ರಾ?"

"ಗ್ಯಾಸು ಕಣಮ್ಮ ಇದು! ಸಂಜೆ ಹೊತ್ಗೆ ನಿಮ್ಮಮ್ಮಾವ್ರು ಇಲ್ಲೇ ಇರ್ತಾರೆ, ನೋಡ್ತಿರು!"

ಗ್ಯಾಸಿನ ವಿಚಾರ ಮೇಕೆಗೂ ಕುತೂಹಲ ಹುಟ್ಟಿಸಿತು. ಒಂದು ಟ್ಯೂಬನ್ನು ಕಚ್ಚಿಯೇಬಿಟ್ಟಿತು. ಬುಸ್ಸೆಂದು ಮೂತಿಗೆ ಗಾಳಿ ಹೊಡೆದದ್ದೇ ತಡ, ಮೇಕೆ ಕಿತ್ತ ಓಟ ಬಡವನಹಳ್ಳಿಯಲ್ಲಿ ನಿಂತಿತಂತೆ.

"ಅಯ್ಯೋ, ನನ್ ಮೇಕೆ! ನಿಮ್ ಗ್ಯಾಸಿನ್ ಮನೆ ಹಾಳಾಗ!" ಎಂದು ಜುಂಜಮ್ಮ ಅದರ ಹಿಂದೆ ಓಡಿದಳು. "ಒಂದ್ ಹೋದ್ರೆ ಇನ್ನೊಂದೈತೆ!" ಎಂದ ಪರ್ವತಯ್ಯ ಎದೆ ಸೆಟೆಸಿ.

ಮನೆಯಲ್ಲಿ ಜೇಬು ತಡಕಿದಾಗ ಸಿಕ್ಕಿತು ಬಸ್ಸಿನ ಮುಚ್ಚಳ! ಬಸ್ಸು ಆಗಲೇ ಕೊರಟಗೆರೆಗೆ ಹೊರಟುಹೋಗಿತ್ತು. ಪರ್ವತಯ್ಯ ಒಂದು ಗಳಿಗೆ ಯೋಚಿಸಿದ. ಅಷ್ಟು ದೊಡ್ಡ ಬಸ್ಸಿಗೆ ಇಷ್ಟು ಸಣ್ಣ ಮುಚ್ಚಳ ಯಾವ ಲೆಕ್ಕ? ಮೊಳೆ ಬಡಿದು ಅದಕ್ಕೆ ಜರಡಿಯಂತೆ ತೂತು ಮಾಡಿ, ಉರಿ ಬರುವ ಬಾಯಿಯಾಗಿ ಒಲೆಗೆ ಕೂರಿಸಿದ. ಉಳಿದ ಟ್ಯೂಬನ್ನು ಅದಕ್ಕೆ ಜೋಡಿಸಿ, ಗ್ಯಾಸು ಒತ್ತಲೆಂದು ಟ್ಯೂಬಿನ ಮೇಲೆ ರುಬ್ಬುವ ಗುಂಡು ಹೇರಿ, ಹಂಡೆ ತುಂಬಿಸಿ, ಕಾಯುತ್ತ ಕೂತ.

ಮಧ್ಯಾಹ್ನ ಬರಬೇಕಾದ ಬಸ್ಸು ಹೊತ್ತು ಮುಳುಗುವಾಗ ಬಂತು. ಮನೆ ಬಾಗಿಲಿಗೆ ಬಂದ ಮಾವನವರ ಶಲ್ಯ ಸೊಂಟದಲ್ಲಿತ್ತು. ಅಂಗಿ ಹಿಂಡಿದರೆ ದೇವರಾಯಪಟ್ಟಣದ ಕೆರೆ ತುಂಬುವಷ್ಟು ಬೆವರು. ಬೋಳುತಲೆಯಿಂದ ಹಬೆ ಏಳುತ್ತಿತ್ತು. ಹಿಂದೆ ಸರ್ವಮಂಗಳೆ, ಅವಳ ಪೆಟ್ಟಿಗೆ ಹೊತ್ತ ಗಂಗಹನುಮಯ್ಯ.

"ಬನ್ನಿ ಮಾವ್ನೋರೆ, ಬಿಸಿನೀರು..."

"ಬಿಸೀನಾ?" ಮಾವ ಗುಡುಗಿದರು. "ಕೊರಟಗೆರೆಯಿಂದ ಇಲ್ಲೀಗಂಟ ಬಸ್ಸು ತಳ್ಕಂಡ್ ಬಂದಿದೀನಿ! ಬಾವಿ ನೀರು ತಂದು ತಲೆ ಮ್ಯಾಲೆ ಸುರೀರಿ!"

"ಯಾವನೋ ಮುಚ್ಚಳ ಕದ್ದವ್ನೆ ಸಾವ್ಕಾರ್ರೆ," ಎಂದ ಗಂಗಹನುಮಯ್ಯ. "ಗ್ಯಾಸೆಲ್ಲ ಗಾಳಿ ಪಾಲು. ಏರು ಬಂದ್ರೆ ಎಲ್ರೂ ಇಳ್ದು ತಳ್ಳೋದೆಯಾ."

ಇನ್ನೊಬ್ಬನಾಗಿದ್ದರೆ ಅಲ್ಲಿಗೇ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಆದರೆ ಪರ್ವತಯ್ಯನಿಗೆ ಒಂದು ವರ್ಷದ ಹಟ. "ಒಂದೇ ಒಂದ್ಸಲ ನೋಡ್ಬುಡಿ ಮಾವ್ನೋರೆ!" ಎಂದು ಕಡ್ಡಿ ಗೀರಿದ. ತಾವರೆಯಂಥ ನೀಲಿ ಉರಿ ಅರಳಿತು.

"ಹೊಗೇನೇ ಇಲ್ವಲ್ರೀ!" ಸರ್ವಮಂಗಳೆಯ ಮುಖವೂ ಅರಳಿತು. ಮಾವನವರು ಕೂಡ ಬಗ್ಗಿ ನೋಡಿ ತಲೆದೂಗಿದರು.

ಅವರ ಹಿಂದೆ ಗಂಗಹನುಮಯ್ಯನೂ ಬಗ್ಗಿದ. ಪೆಟ್ಟಿಗೆ ಧೊಪ್ಪೆಂದು ಕೆಳಗೆ ಬಿತ್ತು. "ಇದು ನಮ್ ಬಸ್ಸಿನ್ ಮುಚ್ಚಳ!"

ಅಷ್ಟರಲ್ಲಿ ಟ್ಯೂಬಿನ ಗ್ಯಾಸು ಮುಗಿದು ಉರಿ ಆರಿತು. ನೀರು ಉಗುರು ಬೆಚ್ಚಗೂ ಆಗಿರಲಿಲ್ಲ.

"ನನ್ ಕೈಲಿ ಬಸ್ ತಳ್ಸಿದ ಕಳ್ಳನ ಮನೇಲಿ ನೀನಿರೋದ್ ಬ್ಯಾಡ, ನಡಿಯಮ್ಮ," ಎಂದು ಮಾವನವರು ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡರು. ಬಸ್ಸು ಅದೇ ಸಂಜೆ ಕೊರಟಗೆರೆಗೆ ವಾಪಸು ಹೋಗಬೇಕಿತ್ತು. ತೂತು ಬಿದ್ದ ಮುಚ್ಚಳ ಇನ್ನು ಕೆಲಸಕ್ಕೆ ಬಾರದು.

"ಬೇರೆ ಮುಚ್ಚಳ ಎಲ್ಲಿಂದ ತರ್ಲಿ ಸಾವ್ಕಾರ್ರೆ? ನೀವೇ ಹತ್ತಿ ಬಸ್ಸಿನ್ ಹಿಂದ್ಕೆ," ಎಂದ ಗಂಗಹನುಮಯ್ಯ.

ಹಾಗಾಗಿ ಪರ್ವತಯ್ಯ ಬಸ್ಸಿನ ಹಿಂದೆ ಹತ್ತಿ ನಿಂತು, ಕಾದ ಡ್ರಮ್ಮನ್ನು ಒಂದು ಕೈಯಲ್ಲಿ ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಕೊಳವೆಯ ಬಾಯಿಗೆ ಒದ್ದೆ ಗೋಣಿ ಒತ್ತಿ ಹಿಡಿದು ಹೊರಟ. ಕೈ ತೆಗೆದರೆ ಬಸ್ಸು ನಿಲ್ಲುತ್ತದೆ, ಹೆಂಡತಿ ಉಳಿಯುತ್ತಾಳೆ. ಆದರೆ ಇಳಿದು ತಳ್ಳಬೇಕಾದವರೆಲ್ಲ ಕಿಟಕಿಯಿಂದ ಅವನ ಕೈಯನ್ನೇ ನೋಡುತ್ತಿದ್ದರು.

ಮೊದಲ ಏರಿನಲ್ಲಿ ಮಾವನವರು ಶಲ್ಯ ಹೊದ್ದು ತಲೆ ಹೊರಗೆ ಹಾಕಿದರು.

"ಏನ್ ಅಳಿಯಂದ್ರೇ, ಬೆಚ್ಚಗೈತಾ?"