ಊದಿನಕಡ್ಡಿ ಅಜ್ಜಿಗೆ ಆರೋಗ್ಯ ಕಾರ್ಡು

ಈ ಪ್ರಸಂಗಗಳನ್ನು ನನಗೆ ಮೊದಲು ಹೇಳಿದವಳು ನನ್ನ ಮನೆಯಾಕೆ. ನಾನು ಹೆಬ್ಬಾಳದ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮುಗಿಸಿ, ಬಸ್ಸಿಳಿದು ಕೆಸರೆಯ ಮನೆ ಸೇರಿ, ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿ ಕೂತ ಮೇಲೆಯೇ ಅವಳು ಬಾಯಿ ಬಿಡುವುದು. ಅಲ್ಲಿಯವರೆಗೆ ತಡೆದುಕೊಂಡದ್ದೆಲ್ಲ ಆಮೇಲೆ ಒಟ್ಟಿಗೇ ಬರುತ್ತದೆ. ಸರ್ಕಾರ ಬಡವರಿಗೆಂದು ಒಂದು ಸೌಲಭ್ಯ ಮಾಡಿ ಕಳಿಸುತ್ತದೆ. ಅದು ಮೈಸೂರಿನವರೆಗೂ ಸರಾಗವಾಗಿ ಬರುತ್ತದೆ. ನಮ್ಮ ಬೀದಿಯ ತಿರುವಿಗೆ ಬಂದಾಗ ಮಾತ್ರ ಯಾರ ಮನೆ ಎಂದು ಗೊತ್ತಾಗದೆ ನಿಂತುಬಿಡುತ್ತದೆ. ಇಂಥದ್ದು ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ. ಪಕ್ಕದ ಮನೆಯ ಅಜ್ಜಿಯ ವಿಷಯದಲ್ಲಂತೂ ಸ್ವಲ್ಪ ಹೆಚ್ಚಾಗಿಯೇ ನಡೆಯಿತು.

ಅಜ್ಜಿ ಮದುವೆಯಾಗಿ ಬಂದಾಗಿನಿಂದ ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುವವರು. ಮಣೆಯ ಮೇಲೆ ಕಪ್ಪು ಹಿಟ್ಟು ಇಟ್ಟು ಅಂಗೈಯಲ್ಲಿ ಕಡ್ಡಿಯನ್ನು ಒಮ್ಮೆ ಉರುಳಿಸಿದರೆ ಮುಗಿಯಿತು. ಜೊತೆಗಿರುವ ಮಗಳು ಮನೆಗೆಲಸಕ್ಕೆ ಹೋಗುತ್ತಾಳೆ. ತಾಯಿ, ಮಗಳು ಇಬ್ಬರಿಗೂ ಕೆಲಸವುಂಟು, ಕೆಲಸದ ಜೊತೆ ಬರುವ ಬೇರೆ ಏನೂ ಇಲ್ಲ.

ಎಲೆ ಹಾಕಿ ಕೂತರೆ

ಒಂದು ದಿನ ಆಶಾ ಕಾರ್ಯಕರ್ತೆ ಬಂದು, “ಅಜ್ಜಿ, ಆರೋಗ್ಯ ಕಾರ್ಡು ಮಾಡಿಸ್ಕೊಳ್ಳಿ. ದೊಡ್ಡ ಕಾಯಿಲೆ ಬಂದ್ರೂ ಆಸ್ಪತ್ರೆ ಖರ್ಚು ಸರ್ಕಾರದ್ದು” ಎಂದರಂತೆ.

ಅಜ್ಜಿ ಕಡ್ಡಿ ಹೊಸೆಯುತ್ತಲೇ, “ಚೆನ್ನಾಗಿರೋವಾಗ್ಲೇ ಆಸ್ಪತ್ರೆ ಕಾರ್ಡಾ? ಎಲೆ ಹಾಕ್ಕೊಂಡು ಕೂತ್ರೆ ಊಟ ಬಂದೇ ಬರ್ತದೆ ಕಣವ್ವ” ಎಂದರು.

ಆಶಾ ಕಾರ್ಯಕರ್ತೆಯೇನು ಕಡಿಮೆಯೇ? “ಎಲೆ ಹಾಕದೇ ಇದ್ರೂ ಬಡಿಸೋನು ಬಡಿಸ್ತಾನೆ ಅಜ್ಜಿ. ನೆಲದ ಮೇಲೆ ಬೀಳುತ್ತೆ, ಅಷ್ಟೇ” ಎಂದರು. ಹೇಳಿ ಸುಮ್ಮನಾಗಬಹುದಿತ್ತು. ಕಾರ್ಡಿನಲ್ಲಿ ಯಾವ ಯಾವ ಕಾಯಿಲೆಗೆ ಚಿಕಿತ್ಸೆ ಉಂಟು ಎಂದು ಓದತೊಡಗಿದರು. ಹೃದಯ, ಮೂತ್ರಪಿಂಡ, ಕ್ಯಾನ್ಸರು, ಸುಟ್ಟ ಗಾಯ, ಹಾವು ಕಚ್ಚಿದ್ದು…

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಮರ್ಯಾದೆಯಾಗಿ ಒಂದು ಕಟ್ಟು ಊದಿನಕಡ್ಡಿ ಕೊಟ್ಟು ಬೀಳ್ಕೊಟ್ಟರು. ಬಾಗಿಲು ಹಾಕಿದವರೇ ಮಗಳನ್ನು ಕೂಗಿದರು: “ಉಪ್ಪು ಮೆಣಸಿನಕಾಯಿ ತಗೊಂಡು ಬಾರೇ, ನಿವಾಳಿಸಬೇಕು. ಆ ಹುಡುಗಿ ಒಂದೊಂದನ್ನೇ ಹೆಸರಿಡಿದು ಕರ್ದು ಮನೆ ಒಳಕ್ಕೇ ಬುಟ್ಟೋದ್ಲು!”

ಯಾವ ತುದಿ

ಆಮೇಲೆ ನಿಧಾನವಾಗಿ ಅಜ್ಜಿಯ ಕಣ್ಣು ಮಂಜಾಯಿತು. ಅವರು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ನನ್ನನ್ನು ನೋಡಿ “ಏನವ್ವ, ತಿಂಡಿ ಆಯ್ತಾ?” ಎಂದು ಕೇಳಿದಾಗಲೂ ನಾನು ಅವರ ಗಮನ ಎಲ್ಲೋ ಇರಬೇಕು ಎಂದುಕೊಂಡು “ಆಯ್ತು ಅಜ್ಜಿ” ಎಂದು ಹೇಳಿ ಬಸ್ಸಿಗೆ ನಡೆದೆ.

ಗುಟ್ಟು ಹೊರಬಿದ್ದದ್ದು ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ. ಅಜ್ಜಿ ತಮ್ಮ ಕೈಯಾರೆ ಹೊಸೆದ ಕಡ್ಡಿ ತಂದು, ತಾವೇ ಹಚ್ಚುತ್ತೇನೆಂದು ದೀಪಕ್ಕೆ ಹಿಡಿದರು. ಹತ್ತಿಕೊಂಡಿತು. ಆದರೆ ಪರಿಮಳದ ಬದಲು ಸೌದೆ ಒಲೆಯ ವಾಸನೆ ಬಂತು. ನೋಡಿದರೆ ಹಿಟ್ಟು ಹಚ್ಚದ ಬರೀ ಬಿದಿರಿನ ತುದಿ ಉರಿಯುತ್ತಿದೆ. ಆಯುಸ್ಸೆಲ್ಲ ಕಡ್ಡಿ ಹೊಸೆದವರಿಗೆ ಕಡ್ಡಿಯ ತುದಿ ಕಾಣಲಿಲ್ಲ.

ಅಜ್ಜಿಯೇ ಮೂಗೇರಿಸಿ, “ಅಂಗ್ಡಿಯೋನು ಬಿದಿರು ಚೆನ್ನಾಗಿ ಒಣಗ್ಸಿಲ್ಲ ಬುಡಿ” ಎಂದರು.

ಫೋಟೋದ ಮೂಲೆ

ಮನೆಯಾಕೆ ಅವರನ್ನು ಕಣ್ಣು ತಪಾಸಣೆ ಶಿಬಿರಕ್ಕೆ ಕರೆದುಕೊಂಡು ಹೋದಳು. ಪೊರೆ ಬಂದಿದೆ, ಆಪರೇಷನ್ ಆದರೆ ಚೆನ್ನಾಗಿ ಕಾಣುತ್ತದೆ, ಬಹಳ ಬಲಿಯಲು ಬಿಡಬೇಡಿ ಎಂದರು ಡಾಕ್ಟರು. ಕಾರ್ಡು ಇದ್ದರೆ ಖರ್ಚಿಲ್ಲ ಎಂದೂ ಹೇಳಿದರು.

ಅಂದು ಸಂಜೆ ಅಜ್ಜಿ ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. “ನಿಮ್ಮ ಫ್ಯಾಕ್ಟ್ರಿಯವ್ರು ಮನೆಮಂದಿಗೆಲ್ಲ ಕಾರ್ಡು ಕೊಟ್ಟವ್ರಂತಲ್ಲಪ್ಪ?”

“ಹೌದು ಅಜ್ಜಿ, ಇಎಸ್‌ಐ ಕಾರ್ಡು. ಮನೆಯವರೆಲ್ಲರ ಫೋಟೋ ಕೊಟ್ಟಿದ್ದೇವೆ.”

“ಇನ್ನೊಂದು ಫೋಟೋ ತೆಗ್ಸಿ. ನಾನೂ ನಿಂತ್ಕೋತೀನಿ. ಮಧ್ಯಕ್ಕೆ ಬರಕ್ಕಿಲ್ಲ, ಮೂಲೇಲಿ ಇರ್ತೀನಿ.”

“ಅಜ್ಜಿ, ನೀವು ನಮಗೆ ಏನಾಗಬೇಕು ಅಂತ ಬರೆಸಬೇಕಾಗುತ್ತೆ.”

“ಪಕ್ಕದ ಮನೆ ಅಂತ ಬರ್ಸಿ. ಇರೋದು ಒಂದೇ ಗೋಡೆ. ನೀವಿಲ್ಲಿ ಕೆಮ್ಮಿದ್ರೆ ನಾನಲ್ಲಿ ಕಷಾಯಕ್ಕೆ ಇಡ್ತೀನಿ. ಇನ್ನೇನು ಆಗ್ಬೇಕು?”

 

ಬೆರಳು, ಕಣ್ಣು, ಮುಖ

ಕೊನೆಗೆ ಅಜ್ಜಿ ತಮ್ಮದೇ ಆರೋಗ್ಯ ಕಾರ್ಡು ಮಾಡಿಸಿಕೊಳ್ಳಲು ಒಪ್ಪಿದರು. ಮನೆಯಾಕೆ ಅವರನ್ನು ನಮ್ಮ ಬೀದಿಯ ಸೇವಾ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿನ ಮೇಡಂ ಸಮಾಧಾನದ ಹೆಂಗಸು. ಬೆರಳು ಇಡಿ ಎಂದರು. ಯಂತ್ರ ಒಪ್ಪಲಿಲ್ಲ. ಕಡ್ಡಿ ಹೊಸೆದು ಹೊಸೆದು ಬೆರಳ ಗೆರೆಗಳೆಲ್ಲ ಸವೆದು ಹೋಗಿದ್ದವು.

“ಹೋಗಲಿ, ಕಣ್ಣು ತೋರಿಸಿ” ಎಂದರು ಮೇಡಂ. ಪೊರೆ ಬಂದ ಕಣ್ಣನ್ನೂ ಯಂತ್ರ ಒಪ್ಪಲಿಲ್ಲ.

ಅಜ್ಜಿ ಮನೆಯಾಕೆಯ ಕಡೆ ತಿರುಗಿ ಕೇಳಿದರಂತೆ: “ಕಣ್ಣು ಸರಿಯಾಗಕ್ಕೆ ಕಾರ್ಡು ಬೇಕು, ಕಾರ್ಡಿಗೆ ಕಣ್ಣು ಸರಿ ಇರ್ಬೇಕು. ಇದನ್ನ ಮಾಡಿದೋನಿಗೆ ಅತ್ತೆ ಮನೇಲಿ ಪಾಠ ಆಗಿರ್ಬೇಕು ಕಣವ್ವ!”

ಉಳಿದದ್ದು ಮುಖ. ಮೇಡಂ ಫೋನನ್ನು ಅಜ್ಜಿಯ ಎದುರು ಹಿಡಿದು, “ಈಗ ಇದನ್ನ ನೋಡಿ ಕಣ್ಣು ಮಿಟುಕಿಸಿ” ಎಂದರು. ಅಜ್ಜಿ ಸೆರಗು ಸರಿಮಾಡಿಕೊಂಡು, “ಕಟ್ಕೊಂಡ ಗಂಡನಿಗೇ ಮಿಟುಕಿಸಿದೋಳಲ್ಲ, ಈ ಡಬ್ಬಿಗೆ ಮಿಟುಕಿಸ್ಲಾ?” ಎಂದರು.

“ಅಯ್ಯೋ ಅಜ್ಜಿ, ಮುಚ್ಚಿ ತೆಗೀರಿ ಸಾಕು!”

ನಮ್ಮ ಕಾಲದವರಿಗೆ ಫೋಟೋ ಎಂದರೆ ಉಸಿರು ಬಿಗಿಹಿಡಿದು, ಕಣ್ಣು ಪೂರ್ತಿ ತೆರೆದು ಅಲುಗಾಡದೆ ಕೂರುವುದು. ರೆಪ್ಪೆ ಬಡಿದರೆ ಫೋಟೋ ಹಾಳು ಎಂದು ಬೈಸಿಕೊಂಡು ಬೆಳೆದವರು. ಅಜ್ಜಿ ಹಾಗೆಯೇ ಕೂತರು. ಮೇಡಂ ಬೇಡಿಕೊಂಡರು, ಮನೆಯಾಕೆ ತಾನೇ ರೆಪ್ಪೆ ಬಡಿದು ತೋರಿಸಿದಳು. ಅಜ್ಜಿಯ ಕಣ್ಣಲ್ಲಿ ನೀರು ಸುರಿಯಿತೇ ಹೊರತು ರೆಪ್ಪೆ ಅಲುಗಲಿಲ್ಲ. ಎದುರಿಗಿರುವುದು ಜೀವಂತ ವ್ಯಕ್ತಿಯೋ ಅಲ್ಲವೋ ತಿಳಿಯುತ್ತಿಲ್ಲ ಎಂದು ಫೋನು ಕೈಚೆಲ್ಲಿತು.

“ಮಿಟುಕಿಸಿದ್ರೆ ಜೀವ ಅಯ್ತೆ ಅಂತ ಮೊದ್ಲೇ ಹೇಳ್ಬಾರ್ದಾ? ನಾನು ಚೆನ್ನಾಗಿ ಬರ್ಲಿ ಅಂತ ಕೂತಿದ್ದೆ” ಎಂದು ಅಜ್ಜಿ ಮೇಡಂ ಮೇಲೆಯೇ ರೇಗಿದರು. ಮತ್ತೆ ಮಾಡೋಣವೆಂದರೆ ಅಷ್ಟರಲ್ಲಿ ಸರ್ವರ್ ನಿದ್ದೆಹೋಗಿತ್ತು.

ಗೋಡೆ ನೋಡಿ ಹೇಳಿದ್ದು

ಮಾರನೆಯ ದಿನ ಅಜ್ಜಿ ಎಷ್ಟು ಮಿಟುಕಿಸಿದರೂ ಫೋನು ಒಪ್ಪಲಿಲ್ಲ. ಕೊನೆಯ ದಾರಿಯೊಂದಿತ್ತು. ಅಜ್ಜಿಯ ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಂದು ಓಟಿಪಿ ಬರುತ್ತದೆ. ಆ ಸಂಖ್ಯೆ ಹೇಳಿದರೆ ಕಾರ್ಡು ಸಿಗುತ್ತದೆ. ಆದರೆ ಅಜ್ಜಿಯ ಹತ್ತಿರ ಎಂದೂ ಮೊಬೈಲೇ ಇರಲಿಲ್ಲ. ಹಾಗಾದರೆ ಜೋಡಿಸಿದ್ದು ಯಾರದ್ದು?

“ಆಧಾರ್ ಮಾಡಿಸುವಾಗ ಯಾವ ನಂಬರ್ ಕೊಟ್ರಿ, ನೆನಪು ಮಾಡ್ಕೊಳ್ಳಿ” ಎಂದರು ಮೇಡಂ.

ಅಜ್ಜಿ ನೆನಪು ಮಾಡಿಕೊಂಡರು. “ಈಶ್ವರನ ಗುಡಿ ಜಗಲೀಲಿ ಬರ್ಕೋತಿದ್ರು. ಪೋನ್ ನಂಬರ್ ಹೇಳಿ ಅಂದ್ರು. ನನ್ ಮಗಳು ಗೋಡೆ ನೋಡಿ ಹೇಳ್ಬುಟ್ಲು.”

“ಗೋಡೆ ನೋಡಿನಾ?”

“ಊಂ ಕಣವ್ವ. ಗೋಡೆ ಮೇಲೆ ದೊಡ್ಡದಾಗಿ ಬರ್ದಿತ್ತಲ್ಲ.”

ಬರೆದದ್ದು ನಿಜ. ‘ಅಭಿಷೇಕ ಮಾಡಿಸುವವರು ಸಂಪರ್ಕಿಸಿ’ ಎಂದು ಕೆಳಗೆ ಅರ್ಚಕರ ನಂಬರು. ವಿಚಾರಿಸಿದರೆ ಅಜ್ಜಿ ಒಬ್ಬರೇ ಅಲ್ಲ. ಮೊಬೈಲಿಲ್ಲದ ನಮ್ಮ ಬೀದಿಯ ಹೆಂಗಸರೆಲ್ಲ ಅಂದು ಸಾಲಾಗಿ ಅದೇ ಗೋಡೆಯನ್ನು ನೋಡಿ ಹೇಳಿದ್ದರು.

ನಾನು ಅರ್ಚಕರ ಬಳಿ ಹೋಗಿ ವಿಷಯ ಮುಟ್ಟಿಸಿದೆ. ಅವರು ಬೆರಗಾಗಿ ಹೇಳಿದರು: “ಓಹೋ, ಅದಕ್ಕೇನಾ! ಇಷ್ಟು ವರ್ಷದಿಂದ ಯಾವುದೋ ಸಂಖ್ಯೆಗಳು ಬರ್ತಾನೇ ಇವೆ. ಒಂದು ದಿನ ಅಡುಗೆ ಗ್ಯಾಸಂತೆ, ಒಂದು ದಿನ ಬಾಣಂತಿ ಸಹಾಯಧನವಂತೆ! ನಾನು ಯಾರಿಗೂ ತೋರಿಸದೆ ಅಳಿಸ್ತಿದ್ದೆ.”

ಕಾರ್ತಿಕ ಸೋಮವಾರ

ಕಣ್ಣಾಸ್ಪತ್ರೆಯವರು ನಮ್ಮ ಬಡಾವಣೆಗೆ ಬಸ್ಸು ಕಳಿಸುವುದು ಸೋಮವಾರ ಎಂದು ತಿಳಿಯಿತು. ಒಂಬತ್ತಕ್ಕೆ ಹೊರಡುತ್ತದೆ, ಕಾರ್ಡು ಕೈಯಲ್ಲಿದ್ದವರಿಗೆ ಮಾತ್ರ ಜಾಗ. ಇದು ತಪ್ಪಿದರೆ ಮತ್ತೆ ಯಾವಾಗಲೋ. ಅಷ್ಟರಲ್ಲಿ ಅಜ್ಜಿ ನಡೆಯುವಾಗ ಗಾಳಿಯನ್ನು ತಡವತೊಡಗಿದ್ದರು. ಅವರು ತಮಾಷೆ ಮಾಡುವುದನ್ನೂ ನಿಲ್ಲಿಸಿದ್ದರು. ನಮಗೆ ಹೆದರಿಕೆಯಾದದ್ದು ಅದಕ್ಕೇ.

ಎಂಟೂವರೆಗೆ ಸರಿಯಾಗಿ ಮೇಡಂ ಗುಂಡಿ ಒತ್ತುವುದು, ನಾನು ಅರ್ಚಕರ ಫೋನು ಹಿಡಿದು ಗುಡಿಯ ಬಾಗಿಲಲ್ಲಿ ನಿಂತಿದ್ದು, ಬಂದ ಸಂಖ್ಯೆಯನ್ನು ನನ್ನ ಫೋನಿನಿಂದ, ಅಜ್ಜಿಯ ಜೊತೆ ಸೇವಾ ಕೇಂದ್ರದಲ್ಲಿರುವ ಮನೆಯಾಕೆಗೆ ಹೇಳುವುದು ಎಂದು ಗೊತ್ತು ಮಾಡಿಕೊಂಡೆವು. ಅರ್ಚಕರೂ “ಬೆಳಿಗ್ಗೆ ಕೊಡ್ತೀನಿ ಬನ್ನಿ” ಎಂದಿದ್ದರು.

ಅದು ಕಾರ್ತಿಕ ಸೋಮವಾರ ಎಂಬುದು ನನ್ನ ತಲೆಗಾಗಲಿ ಮನೆಯಾಕೆಯ ತಲೆಗಾಗಲಿ ಹೊಳೆದಿರಲಿಲ್ಲ! ನಾನು ಹೋಗುವಷ್ಟರಲ್ಲಿ ಗುಡಿ ತುಂಬ ಹೆಂಗಸರು. ಅರ್ಚಕರು ಮಡಿಯಲ್ಲಿ ಕೂತು ಅಷ್ಟೋತ್ತರ ಶುರುಮಾಡಿದ್ದರು. ಫೋನು ಎಂದಿನಂತೆ ಒಳಗೆ, ಅವರ ಪಕ್ಕದ ದೀಪದ ಗೂಡಿನಲ್ಲಿತ್ತು. ಅವರು ಮುಟ್ಟುವಂತಿಲ್ಲ, ನಾನು ಒಳಗೆ ಹೋಗುವಂತಿಲ್ಲ. ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದೆ. ಅವರ ಒಂದು ಕೈಯಲ್ಲಿ ಬಿಲ್ವಪತ್ರೆ, ಇನ್ನೊಂದರಲ್ಲಿ ಗಂಟೆ. ಎದುರಿಗೆ ಮೈಕು.

“ಓಂ ಶಂಭವೇ” ಎಂದರು ಅರ್ಚಕರು. “ನಮಃ” ಎಂದರು ಹೆಂಗಸರು.

ಗೂಡಿನಲ್ಲಿ ಫೋನು ಮಿನುಗಿತು. ಅರ್ಚಕರು ಓರೆಗಣ್ಣಿನಲ್ಲಿ ಅದನ್ನು ನೋಡಿದರು, ನನ್ನನ್ನು ನೋಡಿದರು, ದೇವರನ್ನು ನೋಡಿದರು. ಆ ಸಂಖ್ಯೆ ಬಹಳ ಹೊತ್ತು ಬಾಳುವುದಿಲ್ಲ ಎಂದು ನಾನೇ ಅವರಿಗೆ ಹೇಳಿದ್ದೆ. ಅವರು ಕಣ್ಣು ಮುಚ್ಚಿ ಒಂದು ಉಸಿರೆಳೆದರು. ಅದೇ ರಾಗ, ಅದೇ ದನಿ.

“ಓಂ ಏಳು.”

“ನಮಃ.”

“ಓಂ ನಾಲ್ಕು.”

“ನಮಃ.”

ನಾನು ಗಾಬರಿಯಾಗಿ ಗಲ್ಲ ಬಡಿದುಕೊಂಡು, ಫೋನು ಕಿವಿಗಿಟ್ಟು “ಏಳು, ನಾಲ್ಕು, ಬರ್ಕೋ ಬರ್ಕೋ” ಎಂದೆ. ಆ ಕಡೆಯಿಂದ ಮನೆಯಾಕೆ, “ನೀವು ಫೋನಿಡ್ರೀ! ಸ್ಪೀಕರಿನಲ್ಲಿ ನಿಮಗಿಂತ ಚೆನ್ನಾಗಿ ಕೇಳಿಸ್ತಿದೆ” ಎಂದಳು.

ಗುಡಿಯ ಮೇಲಿನ ಸ್ಪೀಕರು ಬೀದಿಯ ಕೊನೆಯವರೆಗೂ ಕೂಗುತ್ತಿತ್ತು. ಸೇವಾ ಕೇಂದ್ರದಲ್ಲಿ ಒಂದೊಂದು ಅಂಕಿಗೂ ಮೇಡಂ ಗುಂಡಿ ಒತ್ತಿದರಂತೆ, ಅಜ್ಜಿ ಕೈಮುಗಿದು “ನಮಃ” ಎಂದರಂತೆ. ಗುಡಿಯಲ್ಲಿ ಅರ್ಚಕರು ಕೊನೆಯ ಅಂಕಿ ಹೇಳಿ, ಪತ್ರೆ ಏರಿಸಿ, ಬಿಟ್ಟ ನಾಮದಿಂದಲೇ ಮುಂದುವರಿಸಿದರು. ನನ್ನ ಪಕ್ಕದಲ್ಲಿ ನಿಂತಿದ್ದ ವೃದ್ಧರೊಬ್ಬರು ಮೆಲ್ಲಗೆ, “ಈ ಪಾಠಾಂತರ ನಾನು ಕೇಳಿರಲಿಲ್ಲ” ಎಂದರು.

ಅಜ್ಜಿ ಬಸ್ಸು ಹತ್ತಿದರು, ಕಾರ್ಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು.

ಆಪರೇಷನ್ ಆಗಿ, ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದ ಅಜ್ಜಿ ಮೊದಲು ಹೋದದ್ದು ಮೇಡಂಗೆ ಒಂದು ಕಟ್ಟು ಊದಿನಕಡ್ಡಿ ಕೊಡಲಿಕ್ಕೆ. ಮೇಡಂ ತಮ್ಮ ಕರ್ತವ್ಯವೆಂದು ಬುದ್ಧಿ ಹೇಳಿದರು: “ಅಜ್ಜಿ, ಇನ್ನು ಮುಂದೆ ಹುಷಾರು. ಓಟಿಪಿ ಯಾರಿಗೂ ಹೇಳಬಾರದು.”

ಅಜ್ಜಿ ಕನ್ನಡಕ ಸ್ವಲ್ಪ ಇಳಿಸಿ, ಹೊಸ ಕಣ್ಣಿನಿಂದ ಮೇಡಂ ಮುಖವನ್ನು ಚೆನ್ನಾಗಿ ನೋಡಿದರು. “ನಾವ್ಯಾರಿಗೆ ಹೇಳಿದ್ವಿ ಕಣವ್ವ? ಹೇಳಿದ್ದು ಶಿವನಿಗೆ. ಕೇಳಿಸ್ಕೊಂಡಿದ್ದು ಕೆಸರೆ.”

ಓದಿದವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಬೀದಿಯಲ್ಲೂ ಇಂಥ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಅವರು ಕೆಲಸದಲ್ಲಿರುವಾಗ ಪಕ್ಕದಲ್ಲಿ ಕೂತು ನಿಧಾನವಾಗಿ ಈ ಕತೆ ಹೇಳಿ. ನಕ್ಕು ಮುಗಿದ ಮೇಲೆ, ಅವರು ಆಧಾರಿಗೆ ಕೊಟ್ಟಿರುವ ನಂಬರು ಯಾರದ್ದು ಎಂದು ಒಂದು ಮಾತು ಕೇಳಿಬಿಡಿ. ಅವರು ಕೇಳಿದ್ದನ್ನು ಇನ್ನೊಬ್ಬ ಅಜ್ಜಿಗೆ ಹೇಳಲಿ.